ಪ್ಯಾಸೇಜಿನ ಒಳಗೆ ಹೋಗದ ಓದು

ಈ ಮೂರು ಸಾಲು ಓದಿ. "ಗಿಬ್ಬೂರಿನ ತೊಪ್ಪಳೆಯಲ್ಲಿ ಮೂರು ಲಬಕಗಳು ಜಿಣುಗುತ್ತಿದ್ದವು. ಅವುಗಳಲ್ಲಿ ಒಂದು ಬಹಳ ಸೊಂಪಿಗ. ಮಳೆ ಬಂದೊಡನೆ ಸೊಂಪಿಗ ಲಬಕವು ಗುರ್ಚಿಹೋಯಿತು." ಈಗ ಪ್ರಶ್ನೆ: ತೊಪ್ಪಳೆಯಲ್ಲಿ ಎಷ್ಟು ಲಬಕಗಳು ಜಿಣುಗುತ್ತಿದ್ದವು? ಸೊಂಪಿಗ ಲಬಕ ಯಾವಾಗ ಗುರ್ಚಿಹೋಯಿತು? ನಿಮ್ಮ ಉತ್ತರ ಎರಡೂ ಸರಿ, ಪೂರ್ತಿ ಅಂಕ. ಲಬಕ ಅಂದರೆ ಏನು ಎಂದು ಮಾತ್ರ ಕೇಳಬೇಡಿ. ಅದು ಪ್ರಾಣಿಯೋ ಪಾತ್ರೆಯೋ ಕಟ್ಟಿದ ನನಗೇ ಗೊತ್ತಿಲ್ಲ.

ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಹುಡುಗ ಇಂಗ್ಲಿಷ್ ಪ್ಯಾಸೇಜಿನ ಮುಂದೆ ಕೂತಾಗ ಬಹುಮಟ್ಟಿಗೆ ಮಾಡುವುದು ಇದನ್ನೇ. ಪ್ರಶ್ನೆಯಲ್ಲಿರುವ ದಪ್ಪನೆಯ ಪದ ಯಾವುದೆಂದು ನೋಡುತ್ತಾನೆ, ಅದೇ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಎಂದು ಹುಡುಕುತ್ತಾನೆ, ಸಿಕ್ಕ ಸಾಲನ್ನು ಹಿಂದೆ ಅರ್ಧ, ಮುಂದೆ ಅರ್ಧ ಸೇರಿಸಿ ಇಳಿಸಿಬಿಡುತ್ತಾನೆ. ಬೆಳಗಾವಿ ಜಿಲ್ಲೆಯ ಕೌಜಲಗಿ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರ ಮಾತಿನಲ್ಲಿ ಪ್ಯಾಸೇಜ್ ಅಂದರೆ 'ಫುಕಟ್ ಮಾರ್ಕ್ಸ್'. ಓದದೆ ಸಿಗುವ ಅಂಕ ಎಂದು ಅದರ ಅರ್ಥ. ಓದನ್ನು ಅಳೆಯಲೆಂದೇ ಇಟ್ಟ ಪ್ರಶ್ನೆಗೆ ಹುಡುಗರು ಇಟ್ಟ ಹೆಸರು ಇದು, ಮತ್ತು ಹುಡುಗರು ಹೇಳುವುದು ಸುಳ್ಳೂ ಅಲ್ಲ.

ಅದೇ ಪ್ರಶ್ನೆಪತ್ರಿಕೆಯಲ್ಲಿ ಇದರ ತಮ್ಮನೊಬ್ಬನಿದ್ದಾನೆ. ಇತ್ತೀಚಿನ ವರ್ಷಗಳ ಎಸ್ಸೆಸ್ಸೆಲ್ಸಿ ಪತ್ರಿಕೆಗಳಲ್ಲಿ, ಮಾದರಿ ಪತ್ರಿಕೆಗಳಲ್ಲಿ ಒಂದು ಚಿಕ್ಕ ಪ್ಯಾರಾ ಕೊಟ್ಟು, ಇದರಲ್ಲಿ ಎರಡು ತಪ್ಪುಗಳಿವೆ, ತಿದ್ದಿ ಬರೆಯಿರಿ ಎನ್ನುತ್ತಾರೆ. ಕೆಳಗೆ ಸುಳಿವು: ಒಂದು ಕಡೆ ಕ್ಯಾಪಿಟಲ್ ಅಕ್ಷರ ಆಗಬೇಕು, ಇನ್ನೊಂದು ಕಡೆ ಕ್ರಿಯಾಪದ ಸರಿಯಾಗಬೇಕು, ಹೀಗೆ. ತಪ್ಪು ಎಷ್ಟು, ಯಾವ ಜಾತಿಯದು ಎಂದು ಮೊದಲೇ ಹೇಳಿದ ಮೇಲೆ ಉಳಿದದ್ದು ಹುಡುಕಾಟ ಮಾತ್ರ. ಪ್ಯಾರಾ ಏನು ಹೇಳುತ್ತಿದೆ ಎಂಬುದರ ಗೊಡವೆ ಬೇಕಿಲ್ಲ. ತರಗತಿಯಲ್ಲಿ ಇವೆರಡನ್ನೂ ಬೇರೆ ಬೇರೆ 'ಐಟಂ' ಎಂದು ಅಭ್ಯಾಸ ಮಾಡಿಸುತ್ತಾರೆ. ಸೋಮವಾರ ಪ್ಯಾಸೇಜ್ ಆದರೆ ಮಂಗಳವಾರ ಎಡಿಟಿಂಗ್. ನನ್ನ ತಕರಾರು ಇರುವುದು ಇಲ್ಲೇ. ಓದಿ ತಿಳಿಯುವುದು, ಬರೆದದ್ದನ್ನು ತಿದ್ದುವುದು ಎರಡು ವಿದ್ಯೆಗಳಲ್ಲ. ಎರಡರಲ್ಲೂ ನಡೆಯುವುದು ಒಂದೇ ಕೆಲಸ: ಸಾಲಿಗೆ ಮರಳಿ ಹೋಗಿ, ಇದು ಏನು ಹೇಳುತ್ತಿದೆ, ಹೇಳಬೇಕಾದ್ದನ್ನು ಹೇಳಿದೆಯೇ ಎಂದು ಕೇಳುವುದು. ಅದನ್ನು ಎರಡು ಚಿಲ್ಲರೆ ಉಪಾಯಗಳಾಗಿ ಒಡೆದದ್ದರಿಂದ ಎರಡೂ ಕೈಗೆ ಹತ್ತಲಿಲ್ಲ.

ಈ ಭಾಗಕ್ಕೆ ಇಂಗ್ಲಿಷ್ ಹೊಸತೇನಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಶಾಲೆಗಳಲ್ಲಿ ಕನ್ನಡಕ್ಕೇ ಜಾಗ ಸಿಕ್ಕಿದ್ದು ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳ ಹಟದಿಂದ. ಆ ಚನ್ನಬಸಪ್ಪನವರೇ ಶೇಕ್ಸ್‌ಪಿಯರನ ನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. ಕನ್ನಡದ ಪರ ನಿಂತವರು ಇಂಗ್ಲಿಷನ್ನು ಗಟ್ಟಿಯಾಗಿ ಓದಿದವರು ಎಂಬುದು ನಮ್ಮಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಹುಟ್ಟುಹಾಕಿದಾಗ ಮೊದಲು ತೆರೆದದ್ದು ಆಂಗ್ಲೋ–ವರ್ನಾಕ್ಯುಲರ್ ಶಾಲೆ. ಹಳ್ಳಿಯಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನು ಮಾಸ್ತರನಾಗುತ್ತಿದ್ದ. ಅದರಾಚೆ ಹೋಗಬೇಕೆಂದರೆ ಇಂಗ್ಲಿಷ್ ಸಾಲಿಗೆ ಪೇಟೆಗೆ ಹೋಗಬೇಕಿತ್ತು.

ಗೋಕಾಕ ಎಂಬ ಹೆಸರು ರಾಜ್ಯದ ಭಾಷಾ ರಾಜಕಾರಣದಲ್ಲಿ ಅಚ್ಚೊತ್ತಿರುವುದಂತೂ ಎಲ್ಲರಿಗೂ ಗೊತ್ತು. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಊರು ಅವರಿಗೆ ಅಡ್ಡಹೆಸರಾಗಿ ಬಂತು. 1981ರ ಅವರ ಸಮಿತಿಯ ವರದಿ, 1982ರ ಚಳವಳಿ, ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂಬ ಒತ್ತಾಯ, ಎಲ್ಲವೂ ನೆನಪಿನಲ್ಲಿವೆ. ಅದೇ ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರು, ಇಂಗ್ಲಿಷಿನಲ್ಲೂ ಕವಿ. ಅವರ 'ದ ಸಾಂಗ್ ಆಫ್ ಇಂಡಿಯಾ' ಪದ್ಯ ನಮ್ಮ ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲೇ ಇದೆ. ಗೋಕಾಕ ತಾಲೂಕಿನ ಹುಡುಗ ಗೋಕಾಕರ ಪದ್ಯವನ್ನು ಗೈಡ್ ಹಿಡಿದು ಬಾಯಿಪಾಠ ಮಾಡುತ್ತಾನೆ. ಆ ಪದ್ಯದಲ್ಲಿ ಕವಿಯೂ ತಾಯಿಯೂ ಏನು ವಾದ ಮಾಡುತ್ತಿದ್ದಾರೆ ಎಂದು ಕೇಳಿದರೆ, 'ಸಮ್ಮರಿ ಬರದ್ಹಾಕ್ಯಾರ್ರಿ ಸರ್' ಎನ್ನುತ್ತಾನೆ.

ಇಂಗ್ಲಿಷ್ ಯಾವಾಗ ಶುರುವಾಗಬೇಕು ಎಂಬ ಜಗಳದಲ್ಲೇ ನಾವು ಹತ್ತಾರು ವರ್ಷ ಕಳೆದೆವು. ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಯಿಂದ ಇದ್ದದ್ದು 2007–08ರಿಂದ ಒಂದನೇ ತರಗತಿಗೆ ಬಂತು. ಮಾಧ್ಯಮದ ವ್ಯಾಜ್ಯ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತನಕ ಹೋಗಿ ತೀರ್ಪಾಯಿತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಯಾವ ವಯಸ್ಸಿಗೆ, ಯಾವ ಮಾಧ್ಯಮದಲ್ಲಿ ಎಂಬ ಪ್ರಶ್ನೆಗಳಿಗೆ ಸಿಕ್ಕ ಗದ್ದಲದ ಕಾಲುಪಾಲೂ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆಗೆ ಸಿಗಲಿಲ್ಲ.

ನಡೆಯುವುದೇನು? ಓದಿಸುವುದು, ಅರ್ಥ ಹೇಳುವುದು, ಉತ್ತರ ಬರೆಸುವುದು. ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದಲ್ಲಿ ಡೊಲೋರೆಸ್ ಡರ್ಕಿನ್ ಎಂಬಾಕೆ 1970ರ ದಶಕದಲ್ಲಿ ನಾಲ್ಕನೇ ತರಗತಿಗಳಲ್ಲಿ ಸಾವಿರಾರು ನಿಮಿಷ ಕೂತು ಲೆಕ್ಕ ಹಾಕಿದರು. ಓದಿ ತಿಳಿಯುವುದು ಹೇಗೆ ಎಂದು ಕಲಿಸಿದ ಹೊತ್ತು ನೂರಕ್ಕೆ ಒಂದು ಪಾಲೂ ಇರಲಿಲ್ಲ. ತಿಳಿಯಿತೇ ಎಂದು ಪರೀಕ್ಷಿಸಿದ ಹೊತ್ತು ಅದಕ್ಕಿಂತ ಎಷ್ಟೋ ಹೆಚ್ಚು. ಪ್ರಶ್ನೆ ಕೇಳುವುದನ್ನೇ ಕಲಿಸುವುದು ಎಂದು ಅಲ್ಲಿನ ಶಿಕ್ಷಕರು ಅಂದುಕೊಂಡಿದ್ದರು, ನಾವೂ ಹಾಗೇ ಅಂದುಕೊಂಡಿದ್ದೇವೆ. ನಮ್ಮ ದೇಶದ ಮಟ್ಟಿಗೆ 2023ರ 'ಅಸರ್' ಸಮೀಕ್ಷೆ ಹಳ್ಳಿಗಳ 14ರಿಂದ 18 ವಯಸ್ಸಿನವರನ್ನು ಕೇಳಿದಾಗ, ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ. 57.3. ಓದಬಲ್ಲವರಲ್ಲಿ ಅರ್ಥ ಹೇಳಬಲ್ಲವರು ಸುಮಾರು ಮುಕ್ಕಾಲು ಪಾಲು. ಅಂದರೆ ಬಾಯಲ್ಲಿ ಸರಾಗವಾಗಿ ಉರುಳಿಸಿಯೂ ಒಳಗೇನಿದೆ ಎಂದು ಹೇಳಲಾಗದವರು ನಾಲ್ವರಲ್ಲೊಬ್ಬರು. ಅದೂ ಬಿಡಿ ವಾಕ್ಯಗಳಲ್ಲಿ. ಪ್ಯಾರಾ ಕೊಟ್ಟಿದ್ದರೆ ಏನಾಗುತ್ತಿತ್ತೋ.

ತಿಳಿಯದಿರುವುದಕ್ಕೆ ದೊಡ್ಡ ಕಾರಣ ಗ್ರಾಮರ್ ಅಲ್ಲ. ಯಾರ ಸಹಾಯವೂ ಇಲ್ಲದೆ ಒಂದು ಬರಹವನ್ನು ಹಾಯಾಗಿ ಓದಲು ಅದರಲ್ಲಿನ ನೂರು ಪದಗಳಲ್ಲಿ ಸುಮಾರು 98 ಗೊತ್ತಿರಬೇಕು ಎಂಬುದು ಹೂ ಮತ್ತು ನೇಶನ್ 2000ದಲ್ಲಿ ಕಂಡುಕೊಂಡದ್ದು. ನಮ್ಮ ಹತ್ತನೇ ತರಗತಿಯ ಪಾಠದ ಯಾವ ಪುಟವನ್ನಾದರೂ ತೆಗೆದು ಹುಡುಗನ ಕೈಗೆ ಪೆನ್ಸಿಲ್ ಕೊಟ್ಟು, ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಪ್ಪಾ ಎನ್ನಿ, ಪುಟ ಕಪ್ಪಾಗುತ್ತದೆ. ಇನ್ನೊಂದು ಕಾರಣ ಲೋಕಜ್ಞಾನ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರನ್ನು ಮೀರಿಸಿಬಿಟ್ಟರು. ನಮ್ಮ ಹುಡುಗನಿಗೆ ನಗರದ ಮೆಟ್ರೋ ರೈಲು, ಹಿಮದ ಬೆಟ್ಟ, ಡಾಲ್ಫಿನ್ನಿನ ಬುದ್ಧಿವಂತಿಕೆ ಕುರಿತ ಪ್ಯಾಸೇಜು ಕೊಟ್ಟು, ಇವನಿಗೆ ಓದಲು ಬರುವುದಿಲ್ಲ ಎನ್ನುತ್ತೇವೆ. ಕಬ್ಬಿನ ಲಾರಿ ಫ್ಯಾಕ್ಟರಿ ಗೇಟಿನಲ್ಲಿ ಎರಡು ದಿನ ನಿಂತರೆ ತೂಕ ಯಾಕೆ ಇಳಿಯುತ್ತದೆ ಎಂಬ ಪ್ಯಾಸೇಜನ್ನು ಅದೇ ಕಷ್ಟದ ಇಂಗ್ಲಿಷಿನಲ್ಲಿ ಕೊಟ್ಟು ನೋಡಬೇಕು. ಹುಕ್ಕೇರಿಯ ಹುಡುಗನಿಗೆ, ಅವನ ಮನೆಗೆ ಕರೆಂಟ್ ಕೊಡುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಬಗ್ಗೆ ಕೊಡಿ. ಸಹಕಾರಿ ಸಂಘವೇ ಕರೆಂಟ್ ಹಂಚುವ ವ್ಯವಸ್ಥೆ ರಾಜ್ಯದಲ್ಲಿ ಬೇರೆಡೆ ಇಲ್ಲ. ಹೀಗಾಗಿ ಬೆಂಗಳೂರಿನ ಹುಡುಗನಿಗಿಂತ ಇವನಿಗೆ ಆ ಪ್ಯಾಸೇಜು ಬೇಗ ತಿಳಿಯುತ್ತದೆ. ಒಮ್ಮೆಯಾದರೂ ಹಾಗಾಗಲಿ.

ಊರಿನ ವಿಷಯದ ಬಗ್ಗೆಯೇ ಸದಾ ಓದಿಸಬೇಕೆಂದು ನಾನು ಹೇಳುತ್ತಿಲ್ಲ. ಗೊತ್ತಿರುವುದರಿಂದ ಓದಿನ ರುಚಿ ಹತ್ತಿಸಿ, ಆಮೇಲೆ ಗೊತ್ತಿಲ್ಲದ ಕಡೆ ಕರೆದೊಯ್ಯಬಹುದು. ನಮ್ಮ ಪುಸ್ತಕಗಳು ಮಾತ್ರ ಉಲ್ಟಾ ಹಾದಿ ಹಿಡಿದಿವೆ.

ಇಂಗ್ಲಿಷ್ ಓದನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಯನ್ನು ನಮ್ಮ ನೆಲದಲ್ಲೇ ಗಂಭೀರವಾಗಿ ಕೈಗೆತ್ತಿಕೊಂಡವರಿದ್ದಾರೆ. ಆಗ ಭಾರತದಲ್ಲೇ ಇದ್ದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದ ಮೈಕಲ್ ವೆಸ್ಟ್ 1926ರಲ್ಲಿ ದ್ವಿಭಾಷೆಯ ಬಗ್ಗೆ ಒಂದು ದೊಡ್ಡ ವರದಿ ಬರೆದರು. ಮಕ್ಕಳಲ್ಲಿ ಹೆಚ್ಚಿನವರು ಶಾಲೆಯನ್ನು ನಡುವೆ ಬಿಡುತ್ತಾರೆ, ಬಿಟ್ಟ ದಿನ ಅವರ ಕೈಯಲ್ಲಿ ಏನು ಉಳಿಯುತ್ತದೆ ಎಂದು ಅವರು ಕೇಳಿದರು. ಅದಕ್ಕೆ ವಿಮೆಯವರ ಮಾತನ್ನೇ ತೆಗೆದುಕೊಂಡರು: ಸರೆಂಡರ್ ವ್ಯಾಲ್ಯೂ. ಪಾಲಿಸಿ ಅರ್ಧಕ್ಕೆ ಬಿಟ್ಟರೂ ಸಿಗುವ ದುಡ್ಡು. ಅವರ ಉತ್ತರ: ಮಾತಾಡುವ ಇಂಗ್ಲಿಷಿಗಿಂತ ಓದುವ ಇಂಗ್ಲಿಷ್ ಮೊದಲು ಕಲಿಸಿ, ಪದಗಳನ್ನು ಲೆಕ್ಕವಿಟ್ಟು ಹಾಕಿ ಸುಲಭದ ಪುಸ್ತಕಗಳನ್ನು ಬರೆಯಿರಿ, ಹುಡುಗ ಬಿಟ್ಟುಹೋದರೂ ಓದು ಉಳಿಯುತ್ತದೆ. ನೂರು ವರ್ಷವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕೋ ಗೋಕಾಕಿನ ಅಂಗಡಿಗೋ ಹೋಗುವ ಹುಡುಗನ ಸರೆಂಡರ್ ವ್ಯಾಲ್ಯೂ ಎಷ್ಟು ಎಂದು ಇವತ್ತೂ ಕೇಳಬಹುದು. ಕೀಟನಾಶಕದ ಬಾಟಲಿಯ ಮೇಲೆ ಕೆಂಪು ತ್ರಿಕೋನ ಇದ್ದರೆ ಅತಿ ವಿಷ, ಹಸಿರಿದ್ದರೆ ಕಡಿಮೆ ಎಂಬುದನ್ನು ಬಣ್ಣ ನೋಡಿ ತಿಳಿದಾನು. ಲೀಟರ್ ನೀರಿಗೆ ಎಷ್ಟು, ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಲು ಎಂಬ ಇಂಗ್ಲಿಷ್ ಸಾಲು ಮಾತ್ರ ಅವನಿಗೆ ಲಬಕವೇ.

ಇನ್ನೊಬ್ಬರು ಎನ್. ಎಸ್. ಪ್ರಭು. 1979ರಿಂದ 1984ರವರೆಗೆ ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಆಸರೆಯಲ್ಲಿ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ನಮ್ಮ ಬಿ.ಎಡ್. ವಿದ್ಯಾರ್ಥಿ ಪರೀಕ್ಷೆಗೆ ಅದರ ಹೆಸರು ಬರೆದು ಮರೆಯುತ್ತಾನೆ. ಪ್ರಭು ಗ್ರಾಮರಿನ ಪಟ್ಟಿಯನ್ನೇ ಬದಿಗಿಟ್ಟರು. ಮಕ್ಕಳಿಗೆ ಕೊಟ್ಟದ್ದು ರೈಲಿನ ವೇಳಾಪಟ್ಟಿ, ನಕ್ಷೆ, ಒಗಟಿನಂಥ ಲೆಕ್ಕಾಚಾರ. ಮೊದಲು ಒಂದನ್ನು ಶಿಕ್ಷಕರೂ ಮಕ್ಕಳೂ ಸೇರಿ ಬಿಡಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ನಂಬಿಕೆಯ ಅಷ್ಟೂ ಭಾಗ ಸಾಬೀತಾಯಿತು ಎಂದು ಹೇಳಲಾರೆ. ತಪ್ಪನ್ನು ಬಾಯಿಬಿಟ್ಟು ತೋರಿಸದೆ ಬಿಟ್ಟರೆ ಅದು ಗಟ್ಟಿಯಾಗಿ ಕೂರುವ ಭಯ ಇದ್ದೇ ಇದೆ. ಆದರೆ ಪಾಠದ ಹದ ಅವರಿಗೆ ಗೊತ್ತಿತ್ತು. ಘಟಪ್ರಭಾ ಸ್ಟೇಷನ್ನಿನ ವೇಳಾಪಟ್ಟಿಯನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಮುಂಜಾನೆ ಇರಬೇಕಾದ ಅಜ್ಜನನ್ನು ಯಾವ ಗಾಡಿಗೆ ಹತ್ತಿಸಬೇಕು, ಕೌಜಲಗಿಯಿಂದ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಿದರೆ, ಆ ಉತ್ತರವನ್ನು ಯಾವ ಸಾಲಿನಿಂದಲೂ ಕಾಪಿ ಹೊಡೆಯಲಾಗದು. ಪ್ಯಾಸೇಜಿಗೆ ಇಡುವ ಪ್ರಶ್ನೆಗಳೂ ಹೀಗಿರಬೇಕು.

ಉತ್ತರವನ್ನು ಕನ್ನಡದಲ್ಲಿ ಹೇಳಲು ಬಿಡಬೇಕೇ? ಇಂಗ್ಲಿಷ್ ಶಿಕ್ಷಕರ ತರಬೇತಿಗಳಲ್ಲಿ ಇದರ ಬಗ್ಗೆ ಬಿರುಸಿನ ಚರ್ಚೆ ಆಗುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯೇ ಇಲ್ಲ. ಅರ್ಥವಾಯಿತೋ ಇಲ್ಲವೋ ಎಂದು ತಿಳಿಯಲು ಕನ್ನಡದಷ್ಟು ಖಾತ್ರಿಯ ದಾರಿ ಬೇರಿಲ್ಲ. ಇಂಗ್ಲಿಷ್ ಸಾಲನ್ನು ಇಂಗ್ಲಿಷಿನಲ್ಲೇ ಮರಳಿಸಲು ಲಬಕದ ಉಪಾಯ ಸಾಕು. 'ಅಂವಾ ಯಾಕ ಹಂಗ ಮಾಡಿದಾ, ನಿನ್ನ ಮಾತಿನ್ಯಾಗ ಹೇಳು' ಎಂದಾಗ ಉಪಾಯ ಕೈಕೊಡುತ್ತದೆ. ಹತ್ತನೇ ತರಗತಿಯ ಮೊದಲ ಪಾಠ ಆರ್. ಕೆ. ನಾರಾಯಣರ 'ಎ ಹೀರೋ'. ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗಲು ಹೆದರುವ ಸ್ವಾಮಿ, ಕತ್ತಲಲ್ಲಿ ಬೆಂಚಿನ ಕೆಳಗಿನಿಂದ ಕಳ್ಳನ ಕಾಲು ಕಚ್ಚಿ ಊರಿಗೇ ವೀರನಾಗುತ್ತಾನೆ. ಸ್ವಾಮಿ ಧೈರ್ಯವಂತನೋ ಪುಕ್ಕಲನೋ ಎಂದು ಕನ್ನಡದಲ್ಲಿ ಕೇಳಿ ನೋಡಿ, ತರಗತಿ ಎರಡು ಪಾರ್ಟಿ ಆಗುತ್ತದೆ. ತಮ್ಮ ಪಾರ್ಟಿಯ ಪರ ಒಂದೊಂದು ಸಾಲನ್ನು ಪುಸ್ತಕದಿಂದ ಹೆಕ್ಕಿ ತರಬೇಕು ಎಂದರೆ, ಆಗ ಮಕ್ಕಳು ಇಂಗ್ಲಿಷಿಗೆ ಮರಳಿ ಹೋಗುವುದು ಬೇರೆ ಹಸಿವಿನಿಂದ.

ಇನ್ನು ತಿದ್ದುವ ಮಾತು. ಈ ಭಾಗದ ಯಾವ ಹುಡುಗನಾದರೂ ಬರೆಯಬಹುದಾದ ಪ್ಯಾರಾ ಒಂದನ್ನು ನೋಡೋಣ: 'ಮೈ ವಿಲೇಜ್ ಈಸ್ ಕೌಜಲಗಿ. ಮೈ ಫಾದರ್ ಗೋ ಮಾರ್ಕೆಟ್. ಹಿ ಸೋಲ್ಡ್ ಮೇಜ್. ಹಿ ಈಸ್ ಹ್ಯಾಪಿ.' ಪರೀಕ್ಷೆಯ ಕಣ್ಣಿಗೆ ಇಲ್ಲಿ ಕಾಣುವುದು 'ಗೋ' ಎಂಬುದು 'ವೆಂಟ್' ಆಗಬೇಕು, ನಡುವೆ 'ಟು ದ' ಬೇಕು. ತಿದ್ದಿದರೆ ಮುಗಿಯಿತು, ಟಿಕ್ ಮಾರ್ಕು. ಓದುಗನ ಕಣ್ಣಿಗೆ ಕಾಣುವುದು ಬೇರೆ.

'ನಿಮ್ಮಪ್ಪ ಯಾಕ ಹ್ಯಾಪಿ ಆದ್ರೋ?'

'ರೇಟ್ ಚಲೋ ಸಿಕ್ಕಿತ್ರಿ ಸರ್. ಹಿಂದಿನ ವಾರಕ್ಕಿಂತ ಜಾಸ್ತಿ.'

'ಮತ್ತ ಅದನ್ಯಾಕ ಬರದಿಲ್ಲ? ನಂಗ್ಹೆಂಗ ಗೊತ್ತಾಗಬೇಕು?'

ಹುಡುಗ ತಲೆ ಕೆರೆದುಕೊಂಡು ಒಂದು ಸಾಲು ಸೇರಿಸುತ್ತಾನೆ. 'ಬಿಕಾಸ್' ಎಂಬ ಪದ ಅವನಿಗೆ ಈಗ ಬೇಕಾಗಿದೆ, ಗ್ರಾಮರ್ ಪುಸ್ತಕದಲ್ಲಿದೆ ಎಂಬ ಕಾರಣಕ್ಕಲ್ಲ. ಹಿಂದಿನ ವಾರದ ಜೊತೆ ಹೋಲಿಸಬೇಕಾದ್ದರಿಂದ 'ಹೈಯರ್ ದ್ಯಾನ್' ಕೂಡ ಬಂತು. ಬರೆದದ್ದನ್ನು ಬೇರೆಯವರ ಕಣ್ಣಿನಿಂದ ಓದಿದಾಗಲೇ ಕೊರತೆ ಕಂಡದ್ದು. ತಿದ್ದುವುದು ಅಂದರೆ ತನ್ನದೇ ಪ್ಯಾಸೇಜಿಗೆ ತಾನೇ ಪ್ರಶ್ನೆ ಹಾಕಿಕೊಳ್ಳುವುದು.

ವ್ಯಾಕರಣದ ತಪ್ಪುಗಳಲ್ಲೂ ಬಹುಪಾಲು ಅಡ್ಡಾದಿಡ್ಡಿಯಲ್ಲ, ಕನ್ನಡದ ನಡೆಯಿಂದ ಬಂದವು. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವೇ ಇಲ್ಲದ್ದರಿಂದ ಕ್ಯಾಪಿಟಲ್ ತಪ್ಪಿದ್ದು ನಮ್ಮ ಕಣ್ಣಿಗೆ ತಪ್ಪಾಗಿಯೇ ಕಾಣದು. ನಾವು ಹೆಸರಿನ ಬಾಲಕ್ಕೆ 'ಗೆ', 'ಅಲ್ಲಿ', 'ಇಂದ' ಅಂಟಿಸುವವರು, ಇಂಗ್ಲಿಷಿನವರು ಅದನ್ನು ಮುಂದಕ್ಕೆ ಬಿಡಿಯಾಗಿ ಇಡುವವರು. 'ಎ', 'ದ' ನಮ್ಮಲ್ಲಿಲ್ಲ ಎನ್ನುತ್ತಾರೆ. ಪೂರ್ತಿ ನಿಜವಲ್ಲ. 'ಒಂದೂರಾಗ ಒಬ್ಬ ರಾಜ ಇದ್ದ, ಆ ರಾಜಗ ಇಬ್ಬರು ಹೆಂಡಂದಿರು' ಎಂದು ಅಜ್ಜಿ ಕತೆ ಶುರು ಮಾಡಿದಾಗ ಮೊದಲು 'ಒಬ್ಬ', ಆಮೇಲೆ 'ಆ'. ಈ ಒಂದು ವಾಕ್ಯ ಬೋರ್ಡಿನ ಮೇಲಿದ್ದರೆ ಆರ್ಟಿಕಲ್ಲಿನ ಮೂರು ಪುಟದ ನಿಯಮಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಹಾಗೆಯೇ 'ಅವ್ವ ಹೋಗತಾನ' ಎಂದು ಯಾವ ಮಗುವೂ ಹೇಳದು. ಕರ್ತೃವಿಗೆ ತಕ್ಕ ಕ್ರಿಯಾಪದ ಎಂಬ ಪ್ರಜ್ಞೆ ಕನ್ನಡದಲ್ಲಿ ಇಂಗ್ಲಿಷಿಗಿಂತ ಚೂಪಾಗಿದೆ, ಅದನ್ನು ಆ ಕಡೆಗೆ ತಿರುಗಿಸಬೇಕು ಅಷ್ಟೆ.

ಕೆಂಪು ಶಾಯಿಯಿಂದ ಎಷ್ಟು ಪ್ರಯೋಜನ? 1996ರಲ್ಲಿ ಜಾನ್ ಟ್ರಸ್ಕಾಟ್ ಎಂಬವರು, ಎರಡನೇ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದರಿಂದ ಲಾಭವಿಲ್ಲ, ಹಾನಿಯೇ ಉಂಟು, ನಿಲ್ಲಿಸಿಬಿಡಿ ಎಂದು ಬರೆದು ಗುಲ್ಲೆಬ್ಬಿಸಿದರು. 1999ರಲ್ಲಿ ಡೇನಾ ಫೆರಿಸ್ ಎದುರುತ್ತರ ಕೊಟ್ಟರು: ಆರಿಸಿ, ಸ್ಪಷ್ಟವಾಗಿ ತಿದ್ದಿದರೆ ಉಪಯೋಗವಿದೆ. ಆ ವಾದ ಇನ್ನೂ ಮುಗಿದಿಲ್ಲ. ಅದೇನೇ ಇರಲಿ, ಒಂದು ಮಾತು ನಮಗೆ ಸಾಕು. ಮೇಷ್ಟ್ರು ತಿದ್ದಿಕೊಟ್ಟದ್ದನ್ನು ಹುಡುಗ ಮತ್ತೆ ಬರೆಯದಿದ್ದರೆ ಎಲ್ಲ ನೀರಿನಲ್ಲಿ ಹೋಮ. ನಮ್ಮ ನೋಟ್‌ಬುಕ್ಕುಗಳಲ್ಲಿ ಆಗುವುದು ಅದೇ. 'ಸೀನ್' ಎಂದು ಸಹಿ, ಕೆಳಗೆ ತಾರೀಖು, ಮುಂದಿನ ಪುಟದಲ್ಲಿ ಮುಂದಿನ ಪಾಠ.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ. ಅರವತ್ತು ಮಕ್ಕಳ ಪ್ಯಾರಾವನ್ನು ಒಂದೊಂದಕ್ಕೆ ಐದು ನಿಮಿಷದಂತೆ ನೋಡಿದರೂ ಐದು ಗಂಟೆ ಬೇಕು, ಅದೂ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ ಕೆಲಸದ ನಡುವೆ. ಆದ್ದರಿಂದ ಅರವತ್ತನ್ನೂ ನೋಡಬೇಕಿಲ್ಲ ಎನ್ನುತ್ತೇನೆ. ಒಂದು ಪ್ಯಾರಾ, ಬರೆದವರ ಹೆಸರಿಲ್ಲದೆ, ಬೋರ್ಡಿನ ಮೇಲೆ. ಇಡೀ ತರಗತಿ ಅದಕ್ಕೆ ಪ್ರಶ್ನೆ ಕೇಳಲಿ, ಸಾಲು ಸೇರಿಸಲಿ, ಸಾಲು ಅಳಿಸಲಿ, ತಪ್ಪು ಹಿಡಿಯಲಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಪ್ಯಾರಾಕ್ಕೆ ಮರಳಲಿ. ವಾರಕ್ಕೆ ಒಂದು ಸಲ ಆದರೂ ವರ್ಷಕ್ಕೆ ಮೂವತ್ತು ದಾಟುತ್ತದೆ.

ತಿದ್ದಿ ಬೆಳೆಸುವ ರೂಢಿ ಈ ಸೀಮೆಗೆ ಹೊರಗಿನದೂ ಅಲ್ಲ. ಕಲಾವಿದೆ ಕೌಜಲಗಿ ನಿಂಗಮ್ಮ ಊರೂರು ಮೆರೆಸಿದ ಶ್ರೀಕೃಷ್ಣ ಪಾರಿಜಾತದ ಆಟ, ಅಪರಾಳ ತಮ್ಮಣ್ಣನ ಕೃತಿಯನ್ನು ಪಕ್ಕದ ಕುಲಗೋಡದ ತಮ್ಮಣ್ಣ ಆಟಕ್ಕೆ ತಕ್ಕಂತೆ ತಿದ್ದಿ ಹಿಗ್ಗಿಸಿದ್ದರಿಂದ ನಿಂತದ್ದು. ಆಮೇಲೆ ಕಲಾವಿದರು ಜನ ನಗುವ ಕಡೆ ಮಾತು ಬೆಳೆಸುತ್ತ, ಆಕಳಿಸುವ ಕಡೆ ಮೊಟಕು ಮಾಡುತ್ತ ಬಂದರು. ಪಾರಿಜಾತ ನೋಡಿ ಬೆಳೆದ ಊರಿನ ಮಕ್ಕಳಿಗೆ, ಒಮ್ಮೆ ಬರೆದದ್ದು ಅಲ್ಲಿಗೇ ಮುಗಿಯಲಿಲ್ಲ ಎಂದು ತಿಳಿಸಲು ದೊಡ್ಡ ಭಾಷಣ ಬೇಕಾಗದು.

ಉಳಿದದ್ದು ಪರೀಕ್ಷೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಧಾರಾಳವಾಗಿ ಕೃಪಾಂಕ ಕೊಟ್ಟ ಮೇಲೆ. ಅಲ್ಲಿಂದೀಚೆಗೆ ಶಾಲೆಗಳಿಗೆ ಬಂದ ಒತ್ತಡವೆಲ್ಲ 'ಪಾಸಿಂಗ್ ಪ್ಯಾಕೇಜಿ'ನ ಕಡೆಗೆ: ಖಾತ್ರಿ ಅಂಕದ ಐಟಂಗಳನ್ನು ಗುರುತಿಸಿ ಗಿಳಿಪಾಠ ಮಾಡಿಸುವುದು. ಪ್ಯಾಸೇಜು, ಎಡಿಟಿಂಗು ಎರಡೂ ಆ ಪಟ್ಟಿಯ ಮೊದಲಲ್ಲಿವೆ. ಹಿಂದುಳಿದ ಹುಡುಗನೊಬ್ಬ ದಾಟಿಕೊಂಡರೆ ಸಾಕು ಎಂದು ಶ್ರಮಿಸುವ ಶಿಕ್ಷಕರನ್ನು ನಾನು ಹೀಗಳೆಯಲಾರೆ. ಆದರೆ ಪ್ರಶ್ನೆ ತೆಗೆಯುವವರು ಎರಡು ಸಣ್ಣ ಕೆಲಸ ಮಾಡಬಹುದು. ಪ್ಯಾಸೇಜಿನ ಕೆಳಗಿನ ಪ್ರಶ್ನೆಗಳಲ್ಲಿ ಒಂದಾದರೂ ಸಾಲು ಇಳಿಸಿ ಉತ್ತರಿಸಲಾಗದಂತೆ ಇರಲಿ. ಎಡಿಟಿಂಗಿನ ಕೆಳಗಿನ ಸುಳಿವು ಹೋಗಲಿ, ಅಥವಾ 'ಇಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಯಾವುದಿರಬಹುದು' ಎಂಬ ಪ್ರಶ್ನೆ ಬರಲಿ.

ಅದಕ್ಕೂ ಕಾಯಬೇಕಿಲ್ಲ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಯದಾದರೆ 20 ಶಾಲೆಯ ಕೈಯಲ್ಲೇ ಇವೆ. ಆ ಆಂತರಿಕ ಅಂಕಕ್ಕೆ ಈಗ ಬಣ್ಣದ ಚಾರ್ಟು, ನೆಟ್ಟಿನಿಂದ ಇಳಿಸಿದ ಪ್ರಾಜೆಕ್ಟು ಬರುತ್ತವೆ. ಮೊಬೈಲಿನ ಕ್ಯಾಮೆರಾ ಹಿಡಿದರೆ ಪ್ಯಾಸೇಜು ಕನ್ನಡವಾಗುವ, ಕೇಳಿದರೆ ಪ್ಯಾರಾ ತಾನೇ ತಿದ್ದಿಕೊಂಡು ಬರುವ ಈ ದಿನಗಳಲ್ಲಿ ಮನೆಯಿಂದ ಬರುವ ಯಾವ ಪ್ರಾಜೆಕ್ಟು ಯಾರದೆಂದು ಹೇಳುವುದೂ ಕಷ್ಟ. ಬದಲಿಗೆ ತರಗತಿಯಲ್ಲೇ ಬರೆದ ಒಂದು ಪ್ಯಾರಾ, ಅದಕ್ಕೆ ಗೆಳೆಯನೊಬ್ಬ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದ ಎರಡು ಪ್ರಶ್ನೆ, ಆಮೇಲೆ ತಿದ್ದಿ ಬರೆದ ಎರಡನೇ ಪ್ರತಿ, ಮೂರನ್ನೂ ಪಿನ್ ಹೊಡೆದು ಫೈಲಿಗೆ ಹಾಕಿದರೆ ಅಂಕ ಕೊಡಲು ಮೇಷ್ಟ್ರಿಗೆ ಒಂದು ಆಧಾರ ಸಿಕ್ಕಂತಾಯಿತು. ತಪಾಸಣೆಗೆ ಬಂದವರು ಮೊದಲ ಪ್ರತಿಯ ತಪ್ಪುಗಳನ್ನು ನೋಡಿ ಹುಬ್ಬೇರಿಸಿಯಾರು. ಅವರಿಗೆ ಎರಡನೆಯದನ್ನೂ ಓದಲು ಕೊಡಬೇಕು.